ದೇವಿಕೆರೆಯ ಪಂಚನಾಮೆ

ಸತ್ತ ಕೆರೆಯ ಗುರುತು ಹಿಡಿಯಲು ಅದರ ಸಂಬಂಧಿಯೊಬ್ಬರು ಬರಲೇಬೇಕು, ಕಾನೂನು ಹಾಗಿದೆ. ದೇವಿಕೆರೆಗೆ ಉಳಿದವಳೆಂದರೆ ಅಲ್ಲಿ ನಲವತ್ತು ವರ್ಷ ಬಲೆ ಬೀಸಿದ ನೀಲವ್ವ ಅಂಬಿಗೇರ ಒಬ್ಬಳೇ.

“ಮೃತರಿಗೆ ನೀವು ಏನಾಗಬೇಕ್ರಿ?” ಕೆರೆಯ ದಂಡೆಯಲ್ಲಿ ಇನ್‌ಸ್ಪೆಕ್ಟರ್ ಪಂಚನಾಮೆಯ ಹಾಳೆ ಹಿಡಿದು ಕೇಳಿದರು.

“ಸತ್ತೈತಿ ಅಂತ ಯಾರ್ ಹೇಳ್ಯಾರ್ರಿ? ಮೊದ್ಲ ನೋಡೂಣು.”

ಜೀಪಿನಲ್ಲಿ ಕೈಬೇಡಿಯೊಂದಿಗೆ ಕುಳಿತಿದ್ದ ಅವಳ ಮಗ ಮೈಲಾರಿ ತಲೆ ಎತ್ತಿದ. ಬಣ್ಣದ ಕಾರ್ಖಾನೆಯ ವಾಲ್ವ್ ತಿರುಗಿಸಿ ಕೆರೆಗೆ ವಿಷದ ನೀರು ಬಿಟ್ಟವನು ಅವನೇ. ಮಾಲೀಕನ ಜೊತೆ ಅವನ ಮೇಲೂ ಕೊಲೆ ಕೇಸು. ಕೆರೆಯಲ್ಲಿ ಒಂದು ಜೀವ ಉಳಿದಿದ್ದರೂ ಅದು ಬರೀ ಹಲ್ಲೆ, ಐದು ವರ್ಷ. ಇಲ್ಲದಿದ್ದರೆ ಜೀವಾವಧಿ.

“ಕೆರಿಗೆ ಇಳಿಯೂ ಮೊದ್ಲ ಗಂಗವ್ವಗ ನೀರು ಬಿಡೂದು ನಮ್ಮ ಪದ್ಧತಿರಿ,” ಎಂದು ನೀಲವ್ವ ಸೆರಗಿನಡಿಯಿಂದ ತಂಬಿಗೆ ತೆಗೆದು ಬಗ್ಗಿಸಿದಳು. ಅದರೊಳಗೆ ಹಿತ್ತಲ ಬಾವಿಯ ಮರಿಮೀನು ಇದ್ದದ್ದು ಅವಳಿಗೆ ಮಾತ್ರ ಗೊತ್ತಿತ್ತು.

ನೇರಳೆ ನೀರಿನಲ್ಲಿ ಬಾಲ ಬಡಿಯಿತು.

“ಅಲ್ನೋಡ್ರಿ ಸಾಹೇಬ್ರ, ಜೀವ ಐತಿ!” ಮೈಲಾರಿ ಕೂಗಿದ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಮೀನು ಒಂದು ಮೊಳ ಹೋಯಿತು, ಗಿರ್ರನೆ ಸುತ್ತಿತು, ಬಿಳಿ ಹೊಟ್ಟೆ ಮೇಲಾಗಿ ನೀಲವ್ವನ ಪಾದದ ಹತ್ತಿರಕ್ಕೇ ತೇಲಿ ಬಂತು. ಅವಳು ಅದನ್ನು ಅಂಗೈಗೆ ಎತ್ತಿಕೊಂಡಳು. ಕಿವಿರು ಆಡುತ್ತಿರಲಿಲ್ಲ.

“ಈಗಿನ್ನೂ ಜೀವ ಇತ್ತಲ್ರಿ,” ಇನ್‌ಸ್ಪೆಕ್ಟರ್ ಪೆನ್ನು ತಡೆದರು. “ಈ ಮೀನು ಕೆರೀದು ಹೌದೋ ಅಲ್ಲೋ ಹೇಳ್ರಿ?”

“ಯವ್ವಾ, ಹೌದನ್ನಬೇ!”

ನೀಲವ್ವ ಜೀಪಿನ ಕಡೆ ತಿರುಗಲಿಲ್ಲ.

“ಅಲ್ರಿ. ನಮ್ಮ ಬಾವೀದು. ಕೆರಿ ಸತ್ತೈತಿ,” ಎಂದಳು. “ನಾ ಅದರ ಮಗಳಾಗಬೇಕ್ರಿ. ಬರ್ಕೋರಿ.”