ಅಪ್ಪನ ದೇಶ

ಶ್ರೀಲಕ್ಷ್ಮಿ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅವಳ ಗಂಡ ಗಿರೀಶ ಫೋನಿನ ವೈರನ್ನು ಗೋಡೆಯಿಂದ ಕಿತ್ತು ಕೈಗೆ ಸುತ್ತಿಕೊಳ್ಳುತ್ತಿದ್ದ. ಅವಳನ್ನು ಕಂಡು ಬೆಚ್ಚಿಬಿದ್ದ.

"ಯಾರದ್ರೀ ಫೋನು?"

"ಸಿಡ್ನಿಯಿಂದ. ನಿಮ್ಮಣ್ಣ."

"ರಾಘವನಾ? ರಿಸಲ್ಟ್ ಹೇಳ್ಬಿಟ್ನಾ?"

ಗಿರೀಶ ಒಂದು ಗಳಿಗೆ ಏನೂ ಅರ್ಥವಾಗದವನಂತೆ ನಿಂತ. ಆಮೇಲೆ "ಹೂಂ" ಎಂದ.

ಅವಳಿಗೆ ಮೈಯೆಲ್ಲ ಉರಿಯಿತು. ಅಣ್ಣನ ಬಾಯಲ್ಲಿ ಯಾವ ಗುಟ್ಟು ನಿಂತಿದೆ! ಯುರೋಪಿನ ದೇಶಗಳೆಲ್ಲ ಸೇರಿ ನಡೆಸುವ ಹಾಡಿನ ಸ್ಪರ್ಧೆ ಅಲ್ಲಿ ಶನಿವಾರ ರಾತ್ರಿ ಮುಗಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಆಗ ಭಾನುವಾರದ ಬೆಳಗು. ಟಿವಿಯಲ್ಲಿ ತೋರಿಸುವುದು ಮಾತ್ರ ಸಂಜೆಗೆ. ಆಗಿಹೋದದ್ದನ್ನು ಇನ್ನೂ ಆಗಿಲ್ಲವೆಂದುಕೊಂಡು ಇಡೀ ದಿನ ಕಾಯಬೇಕು. ಅದಕ್ಕೇ ಮೆಲ್ಬರ್ನಿನ ಕ್ಲೇಟನ್ ಬಡಾವಣೆಯ ಈ ಬಾಡಿಗೆ ಮನೆಯಲ್ಲಿ ಅವತ್ತು ರೇಡಿಯೋ ಹಾಕುವಂತಿಲ್ಲ, ಕಂಪ್ಯೂಟರ್ ಮುಟ್ಟುವಂತಿಲ್ಲ. ನಿಯಮ ಮಾಡಿದವಳು ಶ್ರೀಲಕ್ಷ್ಮಿ. ಪಾಲಿಸಿ ಸಾಕಾಗಿದ್ದವನು ಗಿರೀಶ.

ಈ ಹುಚ್ಚು ಹತ್ತಿಸಿದ್ದು ಅವಳ ಅಪ್ಪ, ಚಿತ್ರದುರ್ಗದ ಸತ್ಯನಾರಾಯಣ ಮೇಷ್ಟ್ರು. ಎರಡು ವರ್ಷದ ಹಿಂದೆ ಮಗಳ ಮನೆಗೆ ಬಂದಿದ್ದಾಗ ಶಾಲು ಹೊದ್ದು ಕೂತು ಸ್ಪರ್ಧೆಯನ್ನು ಕೊನೆಯವರೆಗೂ ನೋಡಿದ್ದರು. ಭೂಪಟದ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುವಂಥ ಒಂದು ದೇಶ ಎಲ್ಲರಿಗಿಂತ ಕೆಳಗೆ ಬಂದು ನಿಂತಾಗ ಅವರಿಗೆ ಎಲ್ಲಿಲ್ಲದ ಕೋಪ. "ಅನ್ಯಾಯ ಕಣೇ! ಆ ಹುಡುಗಿ ಎಷ್ಟು ಶ್ರುತಿಶುದ್ಧವಾಗಿ ಹಾಡಿದ್ಲು!" ಎಂದು ಎರಡು ದಿನ ಗೊಣಗಿದ್ದರು. ಅಂದಿನಿಂದ ಮನೆಯಲ್ಲಿ ಅದಕ್ಕೆ ಅಪ್ಪನ ದೇಶ ಎಂದೇ ಹೆಸರು.

ಈಗ ಶ್ರೀಲಕ್ಷ್ಮಿಗೆ ಎಂಟು ತಿಂಗಳು. ತಾಯಿ ಇಲ್ಲ. ಬಿಪಿ ಏರಿದೆ, ಟೆನ್ಷನ್ ಕೂಡದು, ವಿಮಾನವಂತೂ ಕೂಡದೇ ಕೂಡದು ಎಂದು ಡಾಕ್ಟರ್ ಹೇಳಿದ್ದರು. ಹೆರಿಗೆಗೆ ನೀನೇ ಬಾರಪ್ಪ ಎಂದು ಕಾಲಿಂಗ್ ಕಾರ್ಡಿನ ನಿಮಿಷಗಳೆಲ್ಲ ಮುಗಿಯುವ ತನಕ ಫೋನಿನಲ್ಲಿ ಅಂಗಲಾಚಿದ್ದಳು. ಮೆಲ್ಬರ್ನಿನ ಚಳಿಗೆ ಹೆದರಿದ ಅಪ್ಪ ನಕ್ಕು, "ನನ್ನ ದೇಶ ಗೆಲ್ಲಲಿ, ಮಾರನೇ ದಿನಾನೇ ವಿಮಾನ ಹತ್ತುತೀನಿ. ಮಾತು ಅಂದ್ರೆ ಮಾತು" ಎಂದಿದ್ದರು. ಅದು ಗೆಲ್ಲುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತೆಂದು ಅವಳಿಗೂ ಗೊತ್ತು. ಆದರೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳಿಗೆ ಹೆರಿಗೆಯ ಭಯ. ಅಪ್ಪ ಬೇಕಿತ್ತು.

"ಸೋತ್ರಾ?" ಎಂದಳು.

"ಸಂಜೆ ನೋಡೋಣ ಬಿಡು."

"ನಿಮ್ಮ ಮುಖಾನೇ ಹೇಳ್ತಿದೆ. ಅಪ್ಪ ಬರಲ್ಲ, ಅಲ್ವಾ?"

ಗಿರೀಶ ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಸುತ್ತಿದ.

"ಬರಲ್ಲ ಶ್ರೀ."

ಅವನ ದನಿ ಒಡೆದಿತ್ತು. ಪಾಪ ಎನ್ನಿಸಿತು ಅವಳಿಗೆ. ಹಾಡಿನ ಸ್ಪರ್ಧೆ ಎಂದರೆ ಆಕಳಿಸುವ ಮನುಷ್ಯ, ತನಗೋಸ್ಕರ ಇಷ್ಟೊಂದು ನೊಂದುಕೊಂಡಿದ್ದಾನೆ.

"ಅಣ್ಣಂಗೆ ಫೋನ್ ಮಾಡಿ ಚೆನ್ನಾಗಿ ಬೈತೀನಿ, ಕೊಡಿ ಇಲ್ಲಿ."

"ಮನೇಲಿರಲ್ಲ ಅವನು. ಏರ್‌ಪೋರ್ಟಿಗೆ ಹೊರಟಿದ್ದ."

"ಭಾನುವಾರಾನೂ ಟೂರಾ? ಆ ಕಂಪನಿಯವರಿಗೆ ಬುದ್ಧಿ ಇಲ್ಲ."

ಅವಳು ದೇವರ ದೀಪ ಹಚ್ಚಲು ಹೋದರೆ ಗಿರೀಶ, "ಬಗ್ಗಬೇಡ, ನಾನೇ ಹಚ್ತೀನಿ" ಎಂದು ತಡೆದ. ಆಮೇಲೆ ಮರೆತ. ಸಂಜೆಗೆ ಕೇಸರಿಬಾತ್ ಮಾಡೋಣವೆಂದು ಅವಳು ತೆಗೆದ ರವೆಯ ಡಬ್ಬಿಯನ್ನು ಕಸಿದು ಮೇಲಿಟ್ಟ. ಸೋತವರಿಗೆ ಸಿಹಿ ಯಾಕೆ ಎಂದು ಅವಳೂ ಸುಮ್ಮನಾದಳು. ಮಧ್ಯಾಹ್ನ ಅಡುಗೆ ಅವನದೇ. ಸಾರಿಗೆ ಒಗ್ಗರಣೆಯಿಲ್ಲ.

"ಮೊದಲು ಹೊಟ್ಟೆ ತುಂಬ ಊಟ ಮಾಡು" ಎಂದು ಎದುರಿಗೇ ನಿಂತು ಬಡಿಸಿದ. ತಾನು ತಟ್ಟೆ ಹಾಕಿಕೊಳ್ಳಲಿಲ್ಲ. ಗ್ಯಾಸ್ಟ್ರಿಕ್ ಅಂತೆ. ಒಗ್ಗರಣೆ ಮರೆತವನ ಗ್ಯಾಸ್ಟ್ರಿಕ್ಕನ್ನು ಅವಳು ಒಂದಿಷ್ಟು ಆಡಿಕೊಂಡು ನಕ್ಕಳು. ಅವನು ನಗಲಿಲ್ಲ.

ಸಂಜೆ ಟಿವಿ ಹಾಕಿದಳು. ಸೋಲೆಂದು ಗೊತ್ತಿದ್ದರೂ ಅಪ್ಪನ ದೇಶದ ಹಾಡು ಕೇಳದಿರಲು ಮನಸ್ಸಾಗಲಿಲ್ಲ. ನಡುವಯಸ್ಸಿನ ಹೆಂಗಸೊಬ್ಬಳು ಬರಿಗಾಲಲ್ಲಿ ನಿಂತು, ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಹಾಡಿದಳು. ಶ್ರೀಲಕ್ಷ್ಮಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಕಣ್ಣು ತುಂಬಿ ಬಂತು.

ಒಂದೊಂದು ದೇಶದ ರಾಜಧಾನಿಯಿಂದ ಅಂಕಗಳು ಬರತೊಡಗಿದವು. ಒಂದು ರಾಜಧಾನಿ ಹತ್ತು ಕೊಟ್ಟಿತು. ಇನ್ನೊಂದು ಪೂರ್ತಿ ಹನ್ನೆರಡು. ಮತ್ತೆ ಹನ್ನೆರಡು. ಪಟ್ಟಿಯ ಬುಡದಲ್ಲಿದ್ದ ಹೆಸರು ಮೇಲೇರತೊಡಗಿತು. ಶ್ರೀಲಕ್ಷ್ಮಿ ಸೋಫಾದ ಅಂಚಿಗೆ ಸರಿದಳು. ಕೊನೆಯ ದೇಶದ ಮತ ಬಿದ್ದಾಗ ಸಭಾಂಗಣವೇ ಎದ್ದು ನಿಂತಿತು. ಬರಿಗಾಲಿನ ಹೆಂಗಸು ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಅಪ್ಪನ ದೇಶ ಗೆದ್ದಿತ್ತು.

"ರೀ! ಎಂಥಾ ಆ್ಯಕ್ಟಿಂಗ್ ರೀ ನಿಮ್ದು! ಬೆಳಗಿಂದ ನನ್ನ ಹೊಟ್ಟೆ ಉರಿಸಿದ್ರಲ್ಲ!" ಅವಳು ನಗುತ್ತ ಫೋನಿನ ಕಡೆ ನಡೆದಳು. "ಅಪ್ಪಂಗೆ ಈಗ್ಲೇ ಫೋನ್ ಮಾಡ್ಬೇಕು. ಸ್ವೆಟರ್ ತಗೊಂಡು ಹೊರಡು ಅಂತ. ಎಲ್ಲಿ ಆ ವೈರು? ಕೊಡ್ರೀ!"

ಅವಳು ತಿರುಗಿ ನೋಡಿದಳು. ಗಿರೀಶ ಊಟದ ಮೇಜಿನ ಬಳಿ ತಲೆ ತಗ್ಗಿಸಿ ಕೂತಿದ್ದ. ಭುಜಗಳು ಅದುರುತ್ತಿದ್ದವು. ವೈರು ಇನ್ನೂ ಅವನ ಕೈಯಲ್ಲೇ ಇತ್ತು. ಅವನ ಹಿಂದೆ, ದೇವರ ಮುಂದೆ, ಬೆಳಿಗ್ಗೆ ಅವಳು ಬತ್ತಿ ಹಾಕಿಟ್ಟಿದ್ದ ದೀಪ ಹಚ್ಚದೆ ಹಾಗೇ ಇತ್ತು.

"ಗೆದ್ದಿದಾರಲ್ರೀ..." ಎಂದಳು ಶ್ರೀಲಕ್ಷ್ಮಿ, ಬಹಳ ಮೆಲ್ಲಗೆ. "ಮತ್ತೆ ಅಪ್ಪ ಬರಲ್ಲ ಅಂತ ಯಾಕಂದ್ರಿ?"