ಬಾಡಿಗೆ ನಾಲಿಗೆ

ಕಿವಿಯ ಹಿಂದೆ ಕ್ಲಿಪ್ ಸಿಕ್ಕಿಸಿಕೊಂಡು ಜಸಿಂತಾ ಮಂಗಳೂರಿನ ಕ್ರಿಸ್ಮಸ್ ಮೇಳದೊಳಗೆ ಹೋದಳು. ಅವಳು ತಿಂದದ್ದರ ರುಚಿ, ಕುಣಿದದ್ದರ ಖುಷಿ ಎಲ್ಲ ಆ ಕ್ಲಿಪ್ಪಿನ ಮೂಲಕ ಮನೆಯಲ್ಲಿ ಕೂತ ಗಿರಾಕಿ ಬಲ್ಲಾಳರಿಗೆ ಹೋಗುತ್ತಿತ್ತು. ಅವಳಿಗೆ ಉಳಿಯುತ್ತಿದ್ದದ್ದು ಅಗಿಯುವ ಕೆಲಸ ಮಾತ್ರ.

ಮೇಳದ ತುಂಬ ಅವಳಂಥವರೇ. ಬಾಯಿದ್ದೂ ತಿನ್ನಲು ಪುರುಸೊತ್ತಿಲ್ಲದ ದೊಡ್ಡವರ ಪರವಾಗಿ, ಸತ್ತ ಮುಖ ಹೊತ್ತು ಕೇಕು ನುಂಗುತ್ತಿದ್ದರು.

"ವೈನ್ ನಿಧಾನ ಕುಡಿ," ಕ್ಲಿಪ್ಪಿನಿಂದ ಬಲ್ಲಾಳರ ಆಜ್ಞೆ ಬಂತು. "ಹೋದ ವರ್ಷದವಳು ಎಷ್ಟು ಚಂದ ಕುಡೀತಿದ್ದಳು!"

ಥೂ, ಎಂದುಕೊಂಡಳು. ಆ ಹೇಸಿಗೆಯೊಂದು ಮಾತ್ರ ಅವಳಲ್ಲೇ ಉಳಿಯುತ್ತಿತ್ತು.

ಅಷ್ಟರಲ್ಲಿ ಬ್ಯಾಂಡಿನವರು ಅವಳ ಮದುವೆಯಲ್ಲಿ ನುಡಿಸಿದ್ದ ಹಾಡನ್ನೇ ಶುರುಮಾಡಿದರು. ಕಾಲು ತಾನಾಗಿ ಕುಣಿಯಿತು, ಎದೆ ಮಾತ್ರ ಖಾಲಿ. ತನ್ನ ಮದುವೆಯ ಸಂತೋಷ ಬಲ್ಲಾಳರ ಸೋಫಾ ಸೇರುವುದನ್ನು ಅವಳು ಸಹಿಸಲಿಲ್ಲ. ಕ್ಲಿಪ್ ಕಿತ್ತಳು. ಹಾಡು ಎದೆಗೆ ಬಂತು, ನಾಲಿಗೆಗೆ ದ್ರಾಕ್ಷಿಯ ಹುಳಿಯೂ ಬಂತು.

ಫೋನ್ ಹೊಡೆದುಕೊಂಡಿತು. "ಯಾಕೆ ಕಟ್ಟಾಯ್ತು?"

"ಬೇಕಾದ್ರೆ ನೀವೇ ಬನ್ನಿ ಮಾರಾಯ್ರೆ. ಕಾಲು ಉಂಟಲ್ಲ?"



"ಬಂದು ನಾನು ಎಂತ ಮಾಡಬೇಕು?" ಎಂದು ಬಲ್ಲಾಳರು ನಿಜವಾಗಿಯೂ ತಿಳಿಯದೆ ಕೇಳಿದರು.