ಸಣ್ಣಪ್ಪನಿಗೆ ಹಿಡಿದ ಗ್ರಹ

"ಕೆಂಪು ನಕ್ಷತ್ರ ಸಣ್ಣದಂತೆ, ಅದರ ಸುತ್ತ ತಿರುಗೋ ಗ್ರಹ ಮಾತ್ರ ಗುಡಾಣದಂಗೈತಂತೆ. ಅದನ್ನ ಹುಡುಕಾಕೆ ನಮ್ಮ ಹುಡುಗಿ ದುರ್ಬೀನು ಯಾಕ್ರೀ ಹಿಡೀಬೇಕಿತ್ತು? ಮನೇಲೇ ಐತಲ್ಲ, ನಮ್ಮ ಸಣ್ಣಪ್ಪಂಗೆ ಹಿಡಿದಿರೋ ಗ್ರಹ!" ಮುಖ್ಯ ಅತಿಥಿ ಮೈಕಿನಲ್ಲಿ ಹೀಗೆಂದು, ಮುಂದಿನ ಸಾಲಿನಲ್ಲಿ ಗಂಡ ಸಣ್ಣಪ್ಪನ ಪಕ್ಕ ಕುಳಿತಿದ್ದ ಯಮುನಾಳ ದಪ್ಪ ಮೈಯ ಅವ್ವನತ್ತ ಕೈ ಮಾಡಿದ.

ಆ ಗ್ರಹ ಕಂಡುಹಿಡಿದ ತಂಡದಲ್ಲಿದ್ದಳೆಂದು ಯಮುನಾಳಿಗೆ ಆಗಷ್ಟೇ ಶಾಲು ಹೊದಿಸಿದ್ದ ಅವಳ ಊರು ಮತ್ತೋಡಿನ ಜನ ಗೊಳ್ಳೆಂದು ನಕ್ಕರು. ಅತಿಥಿಯ ಬಾಯಂಚಿನಲ್ಲಿ ಎಲೆಯಡಿಕೆಯ ಎಂಜಲು ನೊರೆಗಟ್ಟಿತ್ತು. ಅವಳಿಗೆ ಹೇಸಿಗೆಯಾಯಿತು. ಅದಕ್ಕಿಂತ ಹೇಸಿಗೆ ಅಪ್ಪನನ್ನು ಕಂಡು. ಕಡ್ಡಿಯಂಥ ಆ ಮನುಷ್ಯ ತೊಡೆ ತಟ್ಟಿಕೊಂಡು, "ದಿಟ ಕಣ್ರೀ ಸಾಹೇಬ್ರೇ, ಶಾಂತಿ ಮಾಡ್ಸಿದ್ರೂ ಬಿಡಲ್ಲ ಇದು!" ಎಂದು ಕೂಗಿದ.

ಅವ್ವ ಮೈತುಂಬ ಸೆರಗು ಎಳೆದುಕೊಂಡು ಎದ್ದಳು. ಅಪ್ಪನ ಪಕ್ಕದ ಕುರ್ಚಿ ಬಿಟ್ಟು ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತು, ಮಗಳ ಮುಖವನ್ನೇ ನೋಡಿದಳು. ನೋಡಿ ಕಣ್ಣು ತಗ್ಗಿಸಿದಳು.

ಯಾಕೆಂದು ಯಮುನಾಳಿಗೆ ಆಗ ಹೊಳೆಯಿತು. ಅತಿಥಿ ಮಾತು ಶುರು ಮಾಡಿದಾಗ ಮರ್ಯಾದೆಗೆಂದು ತಂದುಕೊಂಡಿದ್ದ ನಗು ಅವಳ ತುಟಿಯ ಮೇಲೆ ಇನ್ನೂ ಹಾಗೆಯೇ ಇತ್ತು. ಅವಳು ಹೊಸ ಶಾಲಿನಿಂದಲೇ ಬಾಯಿ ಒರೆಸಿಕೊಂಡಳು.